ಸಹಿ ಹಾಕಿಸಿಕೊಂಡ ಪೊಟ್ಟಣಗಳು

ಅಲ್ಲಾಳಸಂದ್ರ
15 ಜೂನ್ 2025, ಭಾನುವಾರ

ಯಶೋಧಾ,

ಮೂರು ಸಲ ಫೋನ್ ಮಾಡಿದೆ, ನೀನು ತೆಗೆಯಲಿಲ್ಲ. ನಲವತ್ತು ವರ್ಷ ಪೋಸ್ಟ್‌ಮ್ಯಾನಾಗಿ ಊರವರ ಕಾಗದ ಹೊತ್ತವನು ಸ್ವಂತ ಮಗಳಿಗೆ ಒಂದು ಬರೆಯಬಾರದೇ ಅಂತ ಕೂತಿದ್ದೇನೆ. ಕ್ಷೇಮ ಸಮಾಚಾರದ ಸಾಲನ್ನು ಬೇಕೆಂದೇ ಬಿಟ್ಟಿದ್ದೇನೆ. ಯಲಹಂಕದ ಬೀಟಿನಲ್ಲಿ ಓದು ಬಾರದವರಿಗೆ ನಾನೇ ಕಾಗದ ಓದಿ ಹೇಳುತ್ತಿದ್ದೆ. 'ನಾವೆಲ್ಲ ಕ್ಷೇಮ' ಅಂತ ಶುರುವಾದ ಕಾಗದದ ಮೂರನೇ ಸಾಲಿನಲ್ಲೇ ಯಾರೋ ಸತ್ತಿರುತ್ತಿದ್ದರು.

ವಿಷಯ ಇಷ್ಟು. ನಾನು ಬೀಡಿ ಬಿಟ್ಟು ಇವತ್ತಿಗೆ ನಲವತ್ತೊಂದು ದಿನ.

ನಿನ್ನಮ್ಮನ ಹನ್ನೊಂದನೇ ದಿನ ನೆಂಟರೆಲ್ಲ ಎಲೆ ಮುಂದೆ ಕೂತಿದ್ದಾಗ ನೀನು ಹೇಳಿದ್ದು ನನಗೆ ಮರೆತಿಲ್ಲ. "ಈ ಮನೇಲಿ ಬೀಡಿ ಇರೋವರ್ಗೂ ನಾನಿಲ್ಲಿ ಕಾಲಿಡಲ್ಲ ಅಪ್ಪ" ಅಂದೆ. ಸಿಟ್ಟಿನ ಮಾತು, ನಾಲ್ಕು ದಿನಕ್ಕೆ ಇಳಿಯುತ್ತದೆ ಅಂದುಕೊಂಡೆ. ಎರಡು ವರ್ಷ ಆಯಿತು. ನೀನು ದಿನಾ ಆರ್.ಟಿ. ನಗರದಿಂದ ಯಲಹಂಕದ ಸ್ಕೂಲಿಗೆ ನಮ್ಮೂರ ಮುಂದೆಯೇ ಬಸ್ಸಿನಲ್ಲಿ ಹೋಗುತ್ತೀಯ. ಆ ಹೊತ್ತಿಗೆ ನಾನೂ ಹಾಲು ತರುವ ನೆಪದಲ್ಲಿ ಮೇನ್ ರೋಡಿಗೆ ಬರುತ್ತೇನೆ. ಒಂದೆರಡು ಸಲ ಕಿಟಕಿಯಲ್ಲಿ ನಿನ್ನನ್ನು ನೋಡಿದ್ದೇನೆ.

ಹೇಗೆ ಬಿಟ್ಟೆ ಅಂತ ಕೇಳಬೇಡ. ಮನಸ್ಸು ಗಟ್ಟಿ ಮಾಡಿದೆ, ಅಷ್ಟೇ. ಕೆಮ್ಮು ಮುಕ್ಕಾಲು ಪಾಲು ಹೋಗಿದೆ. ಮೆಟ್ಟಿಲು ಹತ್ತಿದರೆ ಈಗ ಮಧ್ಯೆ ನಿಲ್ಲುವುದಿಲ್ಲ.

ಹೊತ್ತು ಕಳೆಯುವುದಕ್ಕೇನೂ ಕೊರತೆಯಿಲ್ಲ. ಕೊರಿಯರ್ ತರುವ ಸಾಕಿಬ್‌ಗೆ ಈ ಹಳೇ ಊರಿನ ಸಂದಿಗೊಂದಿ ಗೊತ್ತಾಗುವುದಿಲ್ಲ. ಮನೆ ನಂಬರ್ ಏಳರ ಪಕ್ಕ ಎಂಬತ್ತೆರಡು ಇರುವ ಊರು ನಮ್ಮದು. ಅವನು ಪಾರ್ಸೆಲ್‌ಗಳನ್ನೆಲ್ಲ ನಮ್ಮ ಜಗುಲಿಯ ಮೇಲೆ ಇಟ್ಟು ಹೋಗುತ್ತಾನೆ, ನಾನು ನಡೆದು ಮನೆಮನೆಗೆ ಮುಟ್ಟಿಸುತ್ತೇನೆ. ಕೊಟ್ಟಿದ್ದಕ್ಕೆ ಹಳೇ ಡೈರಿಯಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ಜನ ನಗುತ್ತಾರೆ, ನಗಲಿ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಮಹಡಿ ಮನೆಗೆ ಗೋಕುಲ್ ಅಂತ ಒಬ್ಬ ಹುಡುಗ ಬಾಡಿಗೆಗೆ ಬಂದಿದ್ದಾನೆ. ಯಲಹಂಕ ಉಪನಗರದ ಮೊಬೈಲ್ ಅಂಗಡಿಯಲ್ಲಿ ಕೆಲಸ. ಏಪ್ರಿಲ್‌ನಲ್ಲಿ ನನಗೆ ಉಸಿರು ಹಿಡಿದುಕೊಂಡಾಗ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಓಡಿದವನು ಅವನೇ. ನಿನಗೆ ಹೇಳಬೇಡ ಅಂತ ಅವನಿಗೆ ನಾನೇ ಅಂದಿದ್ದೆ.

ಒಂದು ಭಾನುವಾರ ಬಂದು ಹೋಗು. ಮನೆಯನ್ನು ಮೂಸಿ ನೋಡು ಬೇಕಾದರೆ.

ನಿನ್ನ ಅಪ್ಪ,
ಮುನಿಗಂಗಪ್ಪ


ಆರ್.ಟಿ. ನಗರ
23 ಜೂನ್ 2025

ಅಪ್ಪ,

ನಿನ್ನ ಕಾಗದ ಬಂತು. ಎರಡು ಸಲ ಓದಿದೆ. ಏಪ್ರಿಲ್‌ನಲ್ಲಿ ಆಸ್ಪತ್ರೆ ಸೇರಿದ್ದನ್ನು ಜೂನ್‌ನಲ್ಲಿ, ಅದೂ ಪಾರ್ಸೆಲ್ ಕಥೆಯ ಬಾಲದಲ್ಲಿ ಹೇಳುವವನು ನೀನೊಬ್ಬನೇ.

ಅಮ್ಮ ಒಂದು ದಿನವೂ ಬೀಡಿ ಮುಟ್ಟಿದವಳಲ್ಲ. ಎಕ್ಸ್‌ರೇ ಹಿಡಿದುಕೊಂಡು ಆ ಡಾಕ್ಟರು "ಎಷ್ಟು ವರ್ಷದಿಂದ ಸೇದ್ತಿದೀರಮ್ಮ?" ಅಂದಾಗ ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನೀನು ಕಿಟಕಿಯ ಕಡೆ ನೋಡುತ್ತಿದ್ದೆ. ನನಗೆ ನಿನ್ನ ಬೀಡಿಗಿಂತ ನೀನು ಕಿಟಕಿಯ ಕಡೆ ನೋಡಿದ್ದೇ ಹೆಚ್ಚು ನೋವಾಗಿದ್ದು. ಹನ್ನೊಂದನೇ ದಿನ ಆಡಿದ ಮಾತು ಅಲ್ಲಿಂದ ಬಂದದ್ದು.

ಬಿಟ್ಟಿದ್ದೇನೆ ಅಂತ ಬರೆದಿದ್ದೀಯ. ನಂಬುತ್ತೇನೆ. ನೀನು ಹಟಮಾರಿ, ಆದರೆ ಸುಳ್ಳುಗಾರ ಅಂತ ನಾನು ಯಾವತ್ತೂ ಅಂದಿಲ್ಲ. ಜುಲೈ ಆರು, ಭಾನುವಾರ, ನಾನು ಮತ್ತು ನಿನ್ನ ಅಳಿಯ ನರೇಂದ್ರ ಬರುತ್ತೇವೆ. ಅಡುಗೆ ಮಾಡಲು ಹೋಗಬೇಡ, ನಾನೇ ಬಂದು ಮಾಡುತ್ತೇನೆ.

ಹಿರಿಯರ ಹಬ್ಬಕ್ಕೂ ಈ ಸಲ ಅಲ್ಲಿಗೇ ಬರಬಹುದು ಅಂತ ಅನ್ನಿಸುತ್ತಿದೆ. ಹೋದ ಎರಡು ವರ್ಷ ಅಮ್ಮನಿಗೆ ನಾನು ಇಲ್ಲಿ ಅಡುಗೆಮನೆ ಕಟ್ಟೆಯ ಮೇಲೆ ಎಡೆ ಇಟ್ಟೆ. ಅವಳು ಆರ್.ಟಿ. ನಗರಕ್ಕೆ ದಾರಿ ಹುಡುಕಿಕೊಂಡು ಬಂದಳೋ ಇಲ್ಲವೋ. ನೀನು ಅಲ್ಲಿ ತಾತನ ಎಡೆಗೆ ಎಂದಿನಂತೆ ಬೀಡಿ ಇಟ್ಟಿರುತ್ತೀಯ, ಅಮ್ಮ ಮೂಗು ಮುಚ್ಚಿಕೊಂಡು ಕೂತಿರುತ್ತಾಳೆ ಅಂತೆಲ್ಲ ಯೋಚನೆ ಬರುತ್ತಿತ್ತು.

ಯಶೋಧಾ


ಅಲ್ಲಾಳಸಂದ್ರ
9 ಜುಲೈ 2025

ಯಶೋಧಾ,

ನೀವಿಬ್ಬರೂ ಬಂದು ಹೋದಮೇಲೆ ಮನೆ ದೊಡ್ಡದಾದಂತಿದೆ. ಮಿಕ್ಕಿದ್ದ ಬಸ್ಸಾರನ್ನು ಮೂರು ದಿನ ಕಾಯಿಸಿಕೊಂಡು ಉಂಡೆ. ನಾಲ್ಕನೇ ದಿನಕ್ಕೂ ಇರುತ್ತಿತ್ತು, ಗೋಕುಲ್ ಬಂದು ಪಾತ್ರೆ ಒರಸಿಬಿಟ್ಟ.

ನೀನು ಒಳಗೆ ಬಂದವಳೇ ಪರದೆ ಹಿಡಿದು ಮೂಸಿದ್ದನ್ನು ನೋಡಿ ನಗು ಬಂತು, ಅಳುವೂ ಬಂತು. ನಿನ್ನಮ್ಮನೂ ನನ್ನ ಖಾಕಿ ಷರ್ಟನ್ನು ಹಾಗೇ ಮೂಸುತ್ತಿದ್ದಳು.

ಕೋಣೆಯಲ್ಲಿ ಮಾವಿನಹಣ್ಣಿನ ವಾಸನೆ ಏನು ಅಂತ ಕೇಳಿದ್ದೆ. ಆಗ ಏನೋ ತಡವರಿಸಿದೆ. ಅದು ಗೋಕುಲ್ ತಂದುಕೊಟ್ಟ ಹೊಸ ಥರದ ಊದುಬತ್ತಿ. ಈಗಿನವರಿಗೆ ಮಲ್ಲಿಗೆ, ಗಂಧ ಸಾಲುವುದಿಲ್ಲ.

ಪಾರ್ಸೆಲ್ ಕೆಲಸ ಹೆಚ್ಚಾಗಿದೆ. ಈಗ ಸಂಜೆಯೂ ಒಂದು ಸುತ್ತು ಹೋಗುತ್ತೇನೆ. ನಾಲ್ಕೂವರೆಯ ಮೇಲೆ ಹೋದರೆ ಮನೆಯಲ್ಲಿ ಜನ ಸಿಗುತ್ತಾರೆ ಅಂತ ಗೋಕುಲ್ ಹೇಳಿದ. ನಿಜ, ಬಾಗಿಲು ತೆರೆಯುವವರು ಸ್ಕೂಲಿನಿಂದ ಬಂದ ಮಕ್ಕಳು. ಎಂಥ ಚೂಟಿ ಮಕ್ಕಳು ಗೊತ್ತಾ? ಸಹಿ ಅಂದರೆ ಅವಕ್ಕೆ ಖುಷಿಯೋ ಖುಷಿ. ಒಬ್ಬಳು ಹೆಸರಿನ ಪಕ್ಕ ಹೂವು ಬರೆಯುತ್ತಾಳೆ.

ಹಬ್ಬಕ್ಕೆ ಬರುವುದು ಖಂಡಿತ ತಾನೇ?

ಅಪ್ಪ


ಆರ್.ಟಿ. ನಗರ
4 ಆಗಸ್ಟ್ 2025

ಅಪ್ಪ,

ಫೋನ್‌ನಲ್ಲಿ ಹೇಳುವಷ್ಟು ಹೊತ್ತು ಸಿಗುತ್ತಿಲ್ಲ. ಬಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ, ಅಕ್ಷರ ಕುಣಿದಿದ್ದರೆ ರಸ್ತೆಯ ತಪ್ಪು.

ನಮ್ಮ ಸ್ಕೂಲಿನಲ್ಲಿ ಗಲಾಟೆಯಾಗಿದೆ. ಶುಕ್ರವಾರ ಒಂಬತ್ತನೇ ಕ್ಲಾಸಿನ ಹುಡುಗಿಯರ ಬ್ಯಾಗ್ ನೋಡಿದಾಗ ಬಿಂದುಶ್ರೀ ಅನ್ನುವವಳ ಬ್ಯಾಗಿನಲ್ಲಿ ಮೂರು ಇ-ಸಿಗರೇಟು ಸಿಕ್ಕವು. ಮಕ್ಕಳ ಬಾಯಲ್ಲಿ ಅದು ವೇಪ್. ನೋಡಲು ಸಾಲಿಗೆ ಬಣ್ಣ ಬಳಿಯುವ ದಪ್ಪ ಪೆನ್ನಿನ ಹಾಗೆ ಇದೆ. ನಾನೇ ಒಂದನ್ನು ತಿಂಗಳ ಹಿಂದೆ ಮೇಜಿನ ಮೇಲೆ ನೋಡಿ, ಪೆನ್ನೆಂದುಕೊಂಡು ಅವಳಿಗೇ ಎತ್ತಿಕೊಟ್ಟಿದ್ದೆ. ಹದಿನೈದು ವರ್ಷದಿಂದ ವಿಜ್ಞಾನ ಹೇಳಿಕೊಡುತ್ತಿರುವ ಮೇಷ್ಟ್ರಮ್ಮ ನಾನು.

ಸ್ಟಾಫ್ ರೂಮಿನಲ್ಲಿ ಎರಡು ಪಂಗಡವಾಗಿದೆ. ಪಿ.ಟಿ. ಮೇಷ್ಟ್ರು ಇದು ಬರೀ ಆವಿ, ಸಿಗರೇಟಿಗಿಂತ ವಾಸಿ, ಹೊರದೇಶದಲ್ಲಿ ಡಾಕ್ಟರುಗಳೇ ಸಿಗರೇಟು ಬಿಡಿಸಲು ಕೊಡುತ್ತಾರೆ ಅನ್ನುತ್ತಾರೆ. ಆವಿ ಅಂದರೆ ಇಡ್ಲಿ ಪಾತ್ರೆಯ ಆವಿಯಲ್ಲ ಸರ್, ಅದರೊಳಗೆ ನಿಕೋಟಿನ್ ಇದೆ ಅಂದೆ. ಹದಿನಾಲ್ಕು ವರ್ಷದ ತಲೆಗೆ ಅದು ಅಂಟಿಕೊಂಡರೆ ಬಿಡಿಸುವುದು ಕಷ್ಟ. ಉಳಿದದ್ದೆಲ್ಲ ಏನೇನು ಮಾಡುತ್ತದೆ ಅನ್ನುವುದು ಇನ್ನೂ ಇಪ್ಪತ್ತು ವರ್ಷ ಕಳೆದ ಮೇಲೆ ಗೊತ್ತಾಗುತ್ತದೆ, ಅಷ್ಟರಲ್ಲಿ ಈ ಮಕ್ಕಳೇ ಪ್ರಯೋಗಶಾಲೆಯಾಗಿರುತ್ತಾರೆ. ಹೇಗೂ 2019ರಿಂದ ನಮ್ಮಲ್ಲಿ ನಿಷೇಧ. ಮಾರುವ ಹಾಗಿಲ್ಲ, ದಾಸ್ತಾನು ಇಡುವ ಹಾಗಿಲ್ಲ, ಸಾಗಿಸುವ ಹಾಗೂ ಇಲ್ಲ. ಜೈಲು ಕೂಡ ಇದೆ.

ಮೂರು ಸಿಕ್ಕಿದ್ದರಿಂದ ಅವಳೇ ಎಲ್ಲರಿಗೂ ಮಾರುತ್ತಿದ್ದಳು ಅಂತ ಹೆಡ್ ಮೇಡಂ ಖಚಿತ ಮಾಡಿಕೊಂಡಿದ್ದಾರೆ. ಉಳಿದ ಹುಡುಗಿಯರೂ ಅವಳನ್ನೇ ತೋರಿಸುತ್ತಾರೆ. ವಿಚಾರಣೆಗೆ ಕಮಿಟಿ ಮಾಡಿದ್ದಾರೆ, ನನ್ನನ್ನೂ ಹಾಕಿದ್ದಾರೆ. ಮಾರಿದ್ದು ಅಂತಾದರೆ ಟಿ.ಸಿ. ಕೊಟ್ಟು ಕಳಿಸುತ್ತಾರೆ. ಅವಳ ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ತಂದೆ ಇಲ್ಲ. ಹುಡುಗಿ ಬಾಯೇ ಬಿಡುತ್ತಿಲ್ಲ.

ಇನ್ನೊಂದು ಮಾತು. ಆ ವಸ್ತುವಿನಲ್ಲಿ ಮಾವಿನಹಣ್ಣಿನ ವಾಸನೆಯಿತ್ತು. ನಿನ್ನ ಊದುಬತ್ತಿಯ ನೆನಪಾಯಿತು. ಸುಮ್ಮನೆ ಬರೆದೆ.

ಯಶೋಧಾ


ಅಲ್ಲಾಳಸಂದ್ರ
11 ಆಗಸ್ಟ್ 2025

ಯಶೋಧಾ,

ಕಾಗದ ತಲುಪಿತು. ಇಲ್ಲಿ ಮೋಡ ಕಟ್ಟುತ್ತದೆ, ಮಳೆ ಬರುವುದಿಲ್ಲ. ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವವರು ಹೆಚ್ಚಾಗಿದ್ದಾರೆ.

ಮಕ್ಕಳ ವಿಷಯ ಕೇಳಿ ಬೇಜಾರಾಯಿತು. ಆದರೂ ಒಂದು ಮಾತು, ಸಿಟ್ಟು ಮಾಡಿಕೊಳ್ಳಬೇಡ. ಪೊಲೀಸ್ ಸ್ಟೇಷನ್ ಎದುರಿನ ಅಂಗಡಿಯಲ್ಲೇ ಬೀಡಿ, ಸಿಗರೇಟು ಸರ ಕಟ್ಟಿ ನೇತುಹಾಕಿದ್ದಾರೆ. ನಿನ್ನಮ್ಮನನ್ನು ಕೊಂಡುಹೋದ ವಸ್ತುವಿಗೆ ನಿಷೇಧವಿಲ್ಲ. ಅದನ್ನು ಬಿಡಲು ಮುದುಕನೊಬ್ಬ ಬೇರೇನೋ ಹಿಡಿದುಕೊಂಡರೆ ಅದಕ್ಕೆ ಜೈಲು. ಹಾವನ್ನು ಬಿಟ್ಟು ಹಗ್ಗವನ್ನು ಹೊಡೆದ ಹಾಗೆ ಕಾಣುತ್ತದೆ. ಐವತ್ತು ವರ್ಷ ಸೇದಿದವನ ಕಷ್ಟ ಕಾನೂನು ಬರೆದವರಿಗೆ ಗೊತ್ತಿಲ್ಲ. ನಾನು ಸುಮ್ಮನೆ ಲೋಕದ ಮಾತು ಹೇಳಿದೆ.

ಆ ಹುಡುಗಿಗೆ ಟಿ.ಸಿ. ಕೊಡುವುದು ಖಂಡಿತವೇ? ಮಾರಿದ್ದು ಅವಳಲ್ಲದೆಯೂ ಇರಬಹುದಲ್ಲ? ಕಮಿಟಿಯಲ್ಲಿ ನೀನು ಸ್ವಲ್ಪ ಹೇಳಿ ನೋಡು.

ನಾನು ಸಂಜೆಯ ಸುತ್ತು ನಿಲ್ಲಿಸಿದ್ದೇನೆ. ಮಂಡಿ ನೋವು.

ಅಪ್ಪ


ಆರ್.ಟಿ. ನಗರ
21 ಆಗಸ್ಟ್ 2025, ಗುರುವಾರ

ಅಪ್ಪ,

ಫೋನ್ ಮಾಡಿದರೆ ನೀನು ಮಂಡಿನೋವು, ಮೋಡ, ಕೆರೆ ಅಂತ ಮಾತು ತಿರುಗಿಸುತ್ತೀಯ, ನಾನು ಅಳುತ್ತೇನೆ. ಅದಕ್ಕೆ ಬರೆದು ಸ್ಪೀಡ್ ಪೋಸ್ಟ್ ಮಾಡುತ್ತಿದ್ದೇನೆ. ನಿಧಾನವಾಗಿ ಓದು.

ಇವತ್ತು ಬಿಂದುಶ್ರೀ ಬಾಯಿ ಬಿಟ್ಟಳು. ಎರಡು ವಾರ ಕೇಳಿದರೂ ಹೇಳದವಳು, ತಾಯಿಯನ್ನು ಕರೆಸುತ್ತೇವೆ ಅಂದಾಗ ಹೇಳಿದಳು. ಒಂದು ಮಾತ್ರ ತನ್ನದು, ಬ್ಯಾಗ್ ನೋಡುತ್ತಾರೆ ಅಂದ ಕೂಡಲೇ ಹಿಂದಿನ ಬೆಂಚಿನವರಿಬ್ಬರು ತಮ್ಮದನ್ನೂ ತನ್ನ ಬ್ಯಾಗಿಗೆ ತುರುಕಿದರು ಅಂದಳು. ನಿನಗೆ ಅದು ಎಲ್ಲಿಂದ ಬಂತು ಅಂತ ಹೆಡ್ ಮೇಡಂ ಕೇಳಿದರು.

"ಮನೆಗೇ ಬಂತು ಮಿಸ್. ಪೋಸ್ಟ್ ತಾತ ತಂದ್ಕೊಟ್ರು. ಬುಕ್ಕಲ್ಲಿ ಸಹಿ ಹಾಕಿಸ್ಕೊಂಡ್ರು."

ಕಮಿಟಿಯವರೆಲ್ಲ ನಕ್ಕರು. ಸುಳ್ಳು ಹೇಳುವುದಕ್ಕೂ ಒಂದು ಅಳತೆ ಬೇಡವೇ, ಈ ಕಾಲದಲ್ಲಿ ಯಾವ ಪೋಸ್ಟ್‌ಮ್ಯಾನ್ ಇದನ್ನು ತಂದು ಸಹಿ ಹಾಕಿಸಿಕೊಳ್ಳುತ್ತಾನೆ ಅಂದರು. ನಾನೊಬ್ಬಳು ನಗಲಿಲ್ಲ. ಬೆಂಗಳೂರಿನಲ್ಲಿ ಹಾಗೆ ಸಹಿ ಹಾಕಿಸಿಕೊಳ್ಳುವ ಒಬ್ಬನೇ ಒಬ್ಬ ತಾತ ನನಗೆ ಗೊತ್ತು.

ನಾನು ಬಾಯಿ ತೆರೆಯಲಿಲ್ಲ ಅಪ್ಪ. ಹುಡುಗಿ ನಿಜ ಹೇಳುತ್ತಿದ್ದಾಳೆ ಅಂತ ಗೊತ್ತಿದ್ದೂ ಮೇಜು ನೋಡುತ್ತ ಕೂತೆ. ಅಂದು ನೀನು ಕಿಟಕಿ ನೋಡಿದ ಹಾಗೆ.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಕಡೆಯ ಮೀಟಿಂಗ್. ಅವತ್ತು ಟಿ.ಸಿ. ಬರೆಯುತ್ತಾರೆ. ನನಗೆ ಮೂರು ವಿಷಯ ಹೇಳು. ಆ ಪೊಟ್ಟಣ ಕೊಟ್ಟದ್ದು ನೀನೇ? ಒಳಗೇನಿದೆ ಅಂತ ನಿನಗೆ ಗೊತ್ತಿತ್ತೇ? ಆ ಊದುಬತ್ತಿ ಯಾವುದು?

ಯಶೋಧಾ


ಅಲ್ಲಾಳಸಂದ್ರ
23 ಆಗಸ್ಟ್ 2025, ಶನಿವಾರ

ಯಶೋಧಾ,

ಇದನ್ನು ಅಂಚೆಗೆ ಹಾಕಿದರೆ ಸೋಮವಾರದೊಳಗೆ ಮುಟ್ಟುವ ನಂಬಿಕೆಯಿಲ್ಲ. ನಾನೇ ಬಸ್ಸಿನಲ್ಲಿ ತಂದು ನಿಮ್ಮ ಗೇಟಿನ ಡಬ್ಬಿಗೆ ಹಾಕುತ್ತೇನೆ. ಬೆಲ್ ಒತ್ತುವುದಿಲ್ಲ. ನನ್ನ ಮುಖ ನೋಡಿಕೊಂಡು ನೀನು ಇದನ್ನು ಓದುವುದು ಬೇಡ.

ಕೊಟ್ಟದ್ದು ನಾನೇ.

ಊದುಬತ್ತಿ ಅನ್ನುವುದು ಸುಳ್ಳು. ಏಪ್ರಿಲ್‌ನಲ್ಲಿ ಆಸ್ಪತ್ರೆಯಿಂದ ಬಂದಮೇಲೂ ನಾನು ಬೀಡಿ ಬಿಡಲಾಗದೆ ಒದ್ದಾಡುತ್ತಿದ್ದೆ. ಗೋಕುಲ್ ಒಂದು ದಿನ ಇದನ್ನು ತಂದು ಕೈಗಿಟ್ಟ. "ಇದು ಹೊಗೆ ಅಲ್ಲ ತಾತ, ಆವಿ. ಬೀಡಿ ಬಿಡ್ಬೇಕು ಅಂದ್ರೆ ಇದೊಂದೇ ದಾರಿ" ಅಂದ. ಅವನ ಮಾತು ನಿಜವೂ ಆಯಿತು. ಬೀಡಿ ಹೋಯಿತು, ಕೆಮ್ಮು ಇಳಿಯಿತು, ನೀನು ಬಂದೆ. ಮನಸ್ಸು ಗಟ್ಟಿ ಮಾಡಿದೆ ಅಂತ ಬರೆದಿದ್ದೆನಲ್ಲ, ಅದೂ ಸುಳ್ಳು. ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿದ್ದೆ. ನಿನಗೆ ಹೇಳಿದರೆ ಬರುವುದಿಲ್ಲ ಅನ್ನುವ ಭಯ.

ಗೋಕುಲ್ ಅದನ್ನು ಎಲ್ಲಿಂದಲೋ ತರಿಸಿ ಮಾರುತ್ತಿದ್ದ. ಸಾಕಿಬ್ ಇಟ್ಟು ಹೋಗುವ ಪಾರ್ಸೆಲ್ ರಾಶಿಯಲ್ಲಿ ತನ್ನ ಪೊಟ್ಟಣಗಳನ್ನೂ ಸೇರಿಸಲು ಶುರುಮಾಡಿದ. ಮೊಬೈಲ್ ಕವರ್ ತಾತ, ಹೇಗೂ ಆ ಕಡೆ ಹೋಗ್ತೀರಲ್ಲ ಅಂದ. ಸಾಕಿಬ್‌ಗೆ ಇದರ ಗಂಧಗಾಳಿ ಇಲ್ಲ.

ಈಗ ನಿನ್ನ ಎರಡನೇ ಪ್ರಶ್ನೆ. ಅದಕ್ಕೆ ಉತ್ತರ ಬರೆಯಲು ಬೆಳಗಿನಿಂದ ಮೂರು ಹಾಳೆ ಹರಿದೆ.

ನನ್ನ ಜೀವಮಾನವೆಲ್ಲ ಮುದ್ರೆ ನೋಡಿ ಕಾಗದ ಬಟವಾಡೆ ಮಾಡಿದವನು ನಾನು. ಆ ಪೊಟ್ಟಣಗಳ ಮೇಲೆ ಮುದ್ರೆ ಇರಲಿಲ್ಲ, ಕಳಿಸಿದವರ ಹೆಸರಿರಲಿಲ್ಲ. ಕೈಬರಹದ ವಿಳಾಸ ಮಾತ್ರ. ಮೊದಲನೇ ದಿನವೇ ಅದು ಕಣ್ಣಿಗೆ ಬಿತ್ತು. ಮೂರನೆಯದೋ ನಾಲ್ಕನೆಯದೋ ಕೈಗೆತ್ತಿಕೊಂಡಾಗ ಮಾವಿನ ವಾಸನೆ ಬಂತು. ನನ್ನ ಜೇಬಿನಲ್ಲೂ ಅದೇ ವಾಸನೆಯಿತ್ತು. ಗೊತ್ತಾಯಿತು ಯಶೋಧಾ. ಗೊತ್ತಾದಮೇಲೂ ಏಳು ಮನೆಗೆ ಕೊಟ್ಟೆ. ಕೊಡುವುದಿಲ್ಲ ಅಂದರೆ ಗೋಕುಲ್ ನನಗೆ ಕೊಡುವುದನ್ನು ನಿಲ್ಲಿಸುತ್ತಾನೆ, ನಾನು ಮತ್ತೆ ಬೀಡಿಗೆ ಬೀಳುತ್ತೇನೆ, ನೀನು ಮತ್ತೆ ಬಸ್ಸಿನ ಕಿಟಕಿಯಲ್ಲಿ ಮಾತ್ರ ಕಾಣುತ್ತೀಯ ಅಂತ ಲೆಕ್ಕ ಹಾಕಿದೆ. ನನ್ನ ಮಗಳು ನನ್ನ ಮನೆಗೆ ಬರಲಿ ಅಂತ ಬೇರೆಯವರ ಮಕ್ಕಳ ಕೈಗೆ ಅದನ್ನು ಇಟ್ಟೆ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ.

ಗೋಕುಲ್‌ನ ಪೊಟ್ಟಣಗಳಿಗೆ ಡೈರಿಯಲ್ಲಿ ಹನ್ನೊಂದು ಸಹಿಗಳಿವೆ. ತಾರೀಖು, ಮನೆ ನಂಬರು, ಸಮಯ ಎಲ್ಲ ಇದೆ. ಬಿಂದುಶ್ರೀಯದು ಒಂದೇ ಪೊಟ್ಟಣ, ಜುಲೈ ಎರಡು. ಹೂವು ಬರೆಯುವ ಹುಡುಗಿ ಅವಳೇ. ಉಳಿದ ಎರಡು ಯಾರವು ಅನ್ನುವುದೂ ಡೈರಿಯಲ್ಲಿ ಗೊತ್ತಾಗುತ್ತದೆ. ಕಳ್ಳತನ ಮಾಡಿ ರಸೀದಿ ಕೊಟ್ಟ ಕಳ್ಳ ನಾನೊಬ್ಬನೇ ಇರಬೇಕು.

ಸೋಮವಾರ ಹನ್ನೊಂದಕ್ಕೆ ನಾನು ಡೈರಿ ತೆಗೆದುಕೊಂಡು ನಿಮ್ಮ ಸ್ಕೂಲಿಗೆ ಬರುತ್ತೇನೆ. ನೀನು ನನ್ನನ್ನು ಗುರುತಿಸಬೇಕಾಗಿಲ್ಲ.

ಮುನಿಗಂಗಪ್ಪ


ಆರ್.ಟಿ. ನಗರ
30 ಆಗಸ್ಟ್ 2025

ಅಪ್ಪ,

ಸೋಮವಾರ ನೀನು ಇಸ್ತ್ರಿ ಮಾಡಿದ ಬಿಳೀ ಷರ್ಟು ಹಾಕಿಕೊಂಡು, ಡೈರಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು ಬಾಗಿಲಲ್ಲಿ ನಿಂತಾಗ, ಗುರುತಿಸದೆ ಇರಬಹುದಿತ್ತು. ಆಗಲಿಲ್ಲ. "ಇವರು ನಮ್ಮಪ್ಪ ಮೇಡಂ" ಅಂದೆ. ಆಮೇಲಿನದನ್ನು ನೀನೇ ನೋಡಿದೆ.

ಮಕ್ಕಳ ಹೆಸರನ್ನು ಎಲ್ಲರೆದುರು ಓದುವುದಿಲ್ಲ, ಡೈರಿಯನ್ನು ಹೆಡ್ ಮೇಡಂ ಕೈಗೆ ಮಾತ್ರ ಕೊಡುತ್ತೇನೆ ಅಂದೆಯಲ್ಲ, ಅದು ಸರಿಯಾಯಿತು. ಕೊಟ್ಟಮೇಲೆ "ತಲುಪಿದ್ದಕ್ಕೆ ಒಂದ್ ಸಹಿ ಹಾಕಿ ಮೇಡಂ" ಅಂದೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ಸಹಿ ಹಾಕಿದ್ದನ್ನು ನೋಡಿ ಆಶ್ಚರ್ಯವೂ ಆಯಿತು.

ನೀನು ಹೋದಮೇಲೆ ಆದದ್ದನ್ನು ಹೇಳುತ್ತೇನೆ. ಬಿಂದುಶ್ರೀಗೆ ಟಿ.ಸಿ. ಇಲ್ಲ. ಅವಳಿಗೂ ಆ ಇಬ್ಬರಿಗೂ ಒಂದು ವಾರ ಕ್ಲಾಸಿಲ್ಲ, ಆಮೇಲೆ ತಿಂಗಳುಗಟ್ಟಲೆ ಆಪ್ತ ಸಲಹೆ. ಆ ಹುಡುಗಿ ನಿಜ ಹೇಳಿದ್ದಳು ಅಂತ ಎಲ್ಲರೂ ಒಪ್ಪಿಕೊಂಡರು. ಅವಳ ತಾಯಿ ನನ್ನ ಕೈ ಹಿಡಿದುಕೊಂಡು ಅತ್ತರು. ಆ ಕೈಯನ್ನು ಹಿಡಿಯುವ ಯೋಗ್ಯತೆ ನನ್ನದಲ್ಲ ಅಂತ ಅವರಿಗೆ ಹೇಗೆ ಹೇಳಲಿ?

ನಿಮಗೆ ಇದು ಯಾವಾಗ ತಿಳಿಯಿತು ಅಂತ ಹೆಡ್ ಮೇಡಂ ಕೇಳಿದರು. ಗುರುವಾರವೇ ಗೊತ್ತಾಯಿತು ಅಂದೆ. ನನಗೆ ಮೆಮೊ ಬಂದಿದೆ. ಬರಲಿ.

ಆ ವೇಪ್‌ನಿಂದ ನಿನ್ನ ಬೀಡಿ ಬಿಟ್ಟಿತು, ಕೆಮ್ಮು ಇಳಿಯಿತು ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಐವತ್ತು ವರ್ಷ ಬೀಡಿ ಸೇದಿದವನಿಗೆ ಒಂದು ಲೆಕ್ಕವಿರಬಹುದು. ಏನನ್ನೂ ಸೇದದ ಮಗುವಿಗೆ ಬೇರೆ ಲೆಕ್ಕ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿ ಜಗಳವಾಡುತ್ತಿದ್ದೇವೆ ಅಂತ ನನಗೂ ಅನ್ನಿಸುತ್ತದೆ. ಬಿಡಲು ಬೇರೆ ದಾರಿಗಳಿವೆ. ಸರ್ಕಾರಿ ಆಸ್ಪತ್ರೆಯಲ್ಲಿ ತಂಬಾಕು ಬಿಡಿಸುವ ಕೌಂಟರ್ ಇದೆ, ಅಗಿಯುವ ಗಮ್ ಇದೆ. ನೀನು ನನ್ನನ್ನು ಕೇಳಿದ್ದರೆ ಕರೆದುಕೊಂಡು ಹೋಗುತ್ತಿದ್ದೆ. ನೀನು ಕೇಳುವ ಹಾಗೆ ನಾನು ಇರಲಿಲ್ಲ, ಅದೂ ನಿಜ.

ಆದರೆ ಜುಲೈ ಆರರಂದು ನಾನು ಪರದೆ ಮೂಸುತ್ತಿದ್ದಾಗ ಅದು ನಿನ್ನ ಜೇಬಿನಲ್ಲಿತ್ತು. ಅದನ್ನು ಮರೆಯಲು ಆಗುತ್ತಿಲ್ಲ. ಹಬ್ಬಕ್ಕೆ ಬರುತ್ತೇನೋ ಇಲ್ಲವೋ ಈಗ ಹೇಳಲಾರೆ.

ಯಶೋಧಾ


ಅಲ್ಲಾಳಸಂದ್ರ
14 ಸೆಪ್ಟೆಂಬರ್ 2025, ಭಾನುವಾರ

ಯಶೋಧಾ,

ನಿನ್ನನ್ನು ಕರೆಯಲು ಬರೆಯುತ್ತಿಲ್ಲ. ಆದದ್ದನ್ನು ತಿಳಿಸುವುದಷ್ಟೇ.

ಸ್ಟೇಷನ್ನಿಗೆ ಹೋಗಿ ಬಂದೆ. ಮೊದಲೇ ತೆಗೆಸಿಟ್ಟಿದ್ದ ಡೈರಿಯ ಜೆರಾಕ್ಸು ಕೊಟ್ಟೆ, ನನ್ನ ಹತ್ತಿರ ಇದ್ದದ್ದನ್ನೂ ಮೇಜಿನ ಮೇಲಿಟ್ಟೆ. ಸಬ್ ಇನ್ಸ್‌ಪೆಕ್ಟರ್ ಹಾಳೆ ತಿರುವಿ ಹಾಕಿ, "ನಮ್ ಸ್ಟೇಷನ್ ರಿಜಿಸ್ಟರೂ ಇಷ್ಟ್ ನೀಟಾಗಿಲ್ಲ ಕಣ್ರೀ ಯಜಮಾನ್ರೇ" ಅಂದರು. ನನ್ನನ್ನು ಆರೋಪಿ ಮಾಡುತ್ತಾರೋ ಸಾಕ್ಷಿ ಮಾಡುತ್ತಾರೋ ಇನ್ನೂ ತಿಳಿಯದು. ಕರೆದಾಗ ಬರಬೇಕು ಅಂದಿದ್ದಾರೆ. ಗೋಕುಲ್‌ನನ್ನು ಅಂಗಡಿಯಿಂದಲೇ ಕರೆದುಕೊಂಡು ಹೋದರು. ಅವನ ಮಹಡಿಯಲ್ಲಿ ಎರಡು ಪೆಟ್ಟಿಗೆ ಸಿಕ್ಕವಂತೆ. ಜೀಪು ಹತ್ತುವಾಗ ನನ್ನ ಕಡೆ ನೋಡಲಿಲ್ಲ. ನನ್ನ ಜೀವ ಉಳಿಸಿದ ಹುಡುಗನ ಹೆಸರನ್ನು ನಾನೇ ಬರೆದುಕೊಟ್ಟೆ. ಅದಕ್ಕೂ ನಿದ್ದೆ ಬರುತ್ತಿಲ್ಲ.

ಹನ್ನೊಂದು ಮನೆಗೂ ಮತ್ತೆ ಹೋದೆ. ತಪ್ಪು ಮನೆಗೆ ಕಾಗದ ಕೊಟ್ಟರೆ ಹಿಂದೆ ಹೋಗಿ ತರುವುದು ಪೋಸ್ಟ್‌ಮ್ಯಾನನ ಕೆಲಸ. ಈ ಸಲ ತಂದೆ ತಾಯಿ ಇರುವ ಹೊತ್ತು ನೋಡಿ ಹೋದೆ. ಇಂಥ ದಿನ ಇಂಥ ವಸ್ತು ನಾನು ನಿಮ್ಮ ಮಗುವಿನ ಕೈಗೆ ಕೊಟ್ಟೆ, ನನ್ನ ತಪ್ಪು ಅಂತ ಹೇಳಿದೆ. ಒಬ್ಬರು ಬಾಗಿಲು ಹಾಕಿಕೊಂಡರು. ಒಬ್ಬಾಕೆ ಬಾಯಿಗೆ ಬಂದಂತೆ ಬೈದು, ಆಮೇಲೆ ನೀರು ಕೊಟ್ಟಳು. ಕೆರೆ ಪಕ್ಕದ ಮನೆಯ ಯಜಮಾನ ಗೇಟಿನಲ್ಲಿ ಸಿಗರೇಟು ಸೇದುತ್ತ ನಿಂತಿದ್ದ, ನಮ್ಮ ಹುಡುಗ ಅಂಥವನಲ್ಲ ಅಂದ. ಜೆರಾಕ್ಸಿನಲ್ಲಿ ಸಹಿ ತೋರಿಸಿದೆ. ಸಿಗರೇಟನ್ನು ಅರ್ಧಕ್ಕೇ ಎಸೆದು ಒಳಗೆ ಹೋದ.

ಬಿಂದುಶ್ರೀಯ ಮನೆಗೆ ಕಡೆಯಲ್ಲಿ ಹೋದೆ. ಹುಡುಗಿಯೇ ಹೊರಗೆ ಬಂದಳು. ಮೊದಲು ಅವಳೇ ಮಾತಾಡಿದಳು. "ನೀವ್ ಬುಕ್ಕಲ್ಲಿ ಬರ್ಕೊಂಡಿದ್ದಕ್ಕೆ ನಾನ್ ಉಳ್ಕೊಂಡೆ ತಾತ" ಅಂದಳು. ಅವಳಿಗೆ ನಾನು ಕೆಡುಕು ಮಾಡಿದ್ದಕ್ಕೂ ಆ ಬುಕ್ಕೇ ಸಾಕ್ಷಿ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಈಗ ಕಡೆಯ ವಿಷಯ. ಗೋಕುಲ್ ಕೊಟ್ಟ ಆ ವಸ್ತುವಿಲ್ಲದೆ ಇವತ್ತಿಗೆ ಹನ್ನೆರಡು ದಿನ. ಬೀಡಿಯೂ ಇಲ್ಲ ಅಂತ ಬರೆಯುವ ಆಸೆಯಿತ್ತು. ನಿನ್ನೆ ಹಬ್ಬದ ಸಾಮಾನು ತರಲು ಹೋದೆ. ನಮ್ಮಪ್ಪನ ಎಡೆಗೆ ಬೀಡಿ ಇಡಬೇಕಲ್ಲ, ಅದು ನಾನು ಹುಟ್ಟಿದಾಗಿನಿಂದ ನೋಡಿದ ಪದ್ಧತಿ. ಒಂದು ಕಟ್ಟು ಕೊಡು ಅಂದೆ. ಅಂಗಡಿಯವನು ತಲೆ ಎತ್ತದೆ ಕೊಟ್ಟ. ಯಾರೂ ಏನೂ ಕೇಳಲಿಲ್ಲ, ಸಹಿ ಹಾಕಿಸಿಕೊಳ್ಳಲಿಲ್ಲ. ಸತ್ತವನ ಹೆಸರು ಹೇಳಿಕೊಂಡು ಬದುಕಿದ್ದವನು ತನಗಾಗಿ ತಂದದ್ದು ಅಂತ ಮನೆಗೆ ಬಂದಮೇಲೆ ತಿಳಿಯಿತು. ಹಿತ್ತಿಲಲ್ಲಿ ನಿಂತು ಒಂದು ಸೇದಿದೆ.

ಕಟ್ಟನ್ನು ಎಸೆಯಬಹುದಿತ್ತು. ಎಸೆದರೆ ನಿನಗೆ ತಿಳಿಯುತ್ತಿರಲಿಲ್ಲ. ಅದಕ್ಕೇ ಈ ಕಾಗದದ ಜೊತೆ ಸಾಕಿಬ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕಟ್ಟಿನಲ್ಲಿ ಇಪ್ಪತ್ತೈದು ಇರುತ್ತದೆ. ಇದರಲ್ಲಿ ಇಪ್ಪತ್ತನಾಲ್ಕು ಇವೆ. ಎಣಿಸಿ ತೆಗೆದುಕೊಂಡು ಸಾಕಿಬ್‌ಗೆ ಸಹಿ ಹಾಕಿಕೊಡು.

ಮುನಿಗಂಗಪ್ಪ


ಆರ್.ಟಿ. ನಗರ
16 ಸೆಪ್ಟೆಂಬರ್ 2025

ಅಪ್ಪ,

ಸಾಕಿಬ್ ಬಂದಿದ್ದಾನೆ. ಟೀ ಕೊಟ್ಟು ಕೂರಿಸಿ ಇದನ್ನು ಬರೆಯುತ್ತಿದ್ದೇನೆ. ಅವನಿಗೆ ಇನ್ನೂ ಹದಿನೆಂಟು ಪಾರ್ಸೆಲ್ ಇವೆಯಂತೆ, ಚಿಕ್ಕದಾಗಿ ಬರೆಯುತ್ತೇನೆ.

ನಿನ್ನ ಕಾಗದವನ್ನು ಇಲ್ಲೇ ನಿಂತು ಓದಿದೆ. ಒಂದು ಸೇದಿದೆ ಅನ್ನುವ ಸಾಲಿಗೆ ಬಂದಾಗ ಸಿಟ್ಟು ಬರುತ್ತದೆ ಅಂದುಕೊಂಡೆ, ಬರಲಿಲ್ಲ. ನೆಲದ ಮೇಲೆ ಕೂತು ಅತ್ತೆ. ಜೂನ್‌ನಲ್ಲಿ ನಲವತ್ತೊಂದು ದಿನ ಅಂತ ಬರೆದ ಕಾಗದಕ್ಕಿಂತ ಈ ಕಾಗದ ನನಗೆ ಹೆಚ್ಚಿನದು.

ಭಾನುವಾರ ಮಹಾಲಯ ಅಮಾವಾಸ್ಯೆ. ಶನಿವಾರ ಸಂಜೆಯೇ ನಾವಿಬ್ಬರೂ ಬರುತ್ತೇವೆ. ಅಮ್ಮನ ಎಡೆಗೆ ಏನೇನು ಬೇಕೋ ನಾನೇ ತರುತ್ತೇನೆ. ತಾತನ ಎಡೆಗೆ ಇದೇ ಕಟ್ಟಿನಿಂದ ಒಂದನ್ನು ನಾನೇ ಇಡುತ್ತೇನೆ, ಎಡೆ ಎತ್ತುವಾಗ ಅದನ್ನು ನಾನೇ ವಾಪಸ್ ತೆಗೆದುಕೊಳ್ಳುತ್ತೇನೆ. ಸೋಮವಾರ ರಜೆ ಹಾಕಿದ್ದೇನೆ, ಆಸ್ಪತ್ರೆಯ ಆ ಕೌಂಟರ್‌ಗೆ ಹೋಗೋಣ. ಹೊರಗೆ ಕೂರುವುದಿಲ್ಲ, ನಿನ್ನ ಜೊತೆ ಒಳಗೇ ಬರುತ್ತೇನೆ. ಡಾಕ್ಟರು ಎಷ್ಟು ವರ್ಷದಿಂದ ಅಂತ ಕೇಳಿದರೆ ನೀನೇ ಹೇಳಬೇಕು.

ಬೀಡಿ ಇಪ್ಪತ್ತನಾಲ್ಕು. ಎರಡು ಸಲ ಎಣಿಸಿದೆ, ಸರಿಯಾಗಿದೆ. ತಲುಪಿದ್ದಕ್ಕೆ ಸಹಿ:

ಯಶೋಧಾ ಮುನಿಗಂಗಪ್ಪ